ಕುಮಾರಪರ್ವತಕ್ಕೆ ಒಬ್ಬರೇ ಹೋಗಿ ಅದೇ ದಿನ ಇಳಿಯಬಹುದೇ?

ಪ್ರಶ್ನೆ: ನಾನು ಸುರತ್ಕಲ್‌ನವನು. ಒಬ್ಬನೇ ಕುಮಾರಪರ್ವತ ಹತ್ತಿ ಅದೇ ದಿನ ವಾಪಸ್ ಬರಬಹುದೇ? ದಾರಿ ತಪ್ಪಿದರೆ ತೋಡು (ಸಣ್ಣ ಹಳ್ಳ) ಹಿಡಿದು ಇಳಿದರಾಯ್ತು, ಊರು ಸಿಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬರಬಹುದು, ಆದರೆ ಹಿಂದಿನ ರಾತ್ರಿಯೇ ಸುಬ್ರಹ್ಮಣ್ಯ ಮುಟ್ಟಿರಬೇಕು. ಬೆಳಗ್ಗಿನ ಮೊದಲ ಬಸ್ಸಿಗೆ ಮಂಗಳೂರು ಬಿಟ್ಟರೂ ಎರಡೂವರೆ ಮೂರು ಗಂಟೆ ರಸ್ತೆಯಲ್ಲೇ ಹೋಯಿತು. ಶಿಖರ 1,712 ಮೀಟರ್, ಕುಕ್ಕೆ ಇರುವುದು ನೂರು ಚಿಲ್ಲರೆ ಮೀಟರಿನಲ್ಲಿ. ಒಂದೇ ಹಗಲಲ್ಲಿ ಹೆಚ್ಚುಕಡಿಮೆ 1,600 ಮೀಟರ್ ಹತ್ತಿ ಅಷ್ಟನ್ನೂ ಇಳಿಯಬೇಕು. ನಡಿಗೆ 25 ಕಿ.ಮೀ. ಆಸುಪಾಸು, ಅಭ್ಯಾಸ ಇದ್ದವರಿಗೂ 10ರಿಂದ 12 ಗಂಟೆ. ಡಿಸೆಂಬರಿನಲ್ಲಿ ಬೆಳಕಿರುವುದೇ ಹನ್ನೊಂದೂವರೆ ಗಂಟೆ. ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗಿ, ಶಿಖರ ಕಣ್ಣೆದುರೇ ಇದ್ದರೂ ಸರಿ.

ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಮಳೆಗಾಲದಲ್ಲೂ ಕಾಡ್ಗಿಚ್ಚಿನ ಭಯದ ಬೇಸಿಗೆಯಲ್ಲೂ ದಾರಿ ಮುಚ್ಚಿರುತ್ತದೆ. ಮೂರು ಲೀಟರ್ ನೀರು ಹೊರಲೇಬೇಕು, ದಾರಿ ನಡುವೆ ಸಿಗುವ ಗಿರಿಗದ್ದೆಯಲ್ಲಿ ಮತ್ತೆ ತುಂಬಿಸಿ. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ನೆರಳಿಲ್ಲ. ತಿನ್ನಲು ಬನ್ಸ್, ಚಪಾತಿಯಂಥ ಹಳಸದ ವಸ್ತು, ಎರಡು ಪೊಟ್ಟಣ ಓಆರ್‌ಎಸ್, ತಲೆಗೆ ಕಟ್ಟುವ ಟಾರ್ಚ್, ಒಂದು ಸೀಟಿ. ಸಾಕು.

ಇನ್ನು ತೋಡಿನ ವಿಷಯ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ ಮಾರಾಯ್ರೆ!

ಈ ಮಾತು ಹುಟ್ಟಿದ್ದು ಎಲ್ಲಿ ಎಂದು ಊಹಿಸುವುದು ಕಷ್ಟವಲ್ಲ. ಬೆಳ್ತಂಗಡಿ, ಪುತ್ತೂರಿನ ಕಡೆ ತೋಡು ಹಿಡಿದು ನಡೆದರೆ ಯಾರದಾದರೂ ಅಡಿಕೆ ತೋಟ, ಅದರಾಚೆ ಮನೆ ಸಿಕ್ಕೇ ಸಿಗುತ್ತದೆ. ಅದು ಬುಡದ ಊರಿನ ತೋಡು. ಘಟ್ಟದ ಮೇಲಿನ ನೀರಿಗೆ ಆ ಗುಣವಿಲ್ಲ. ಕುಮಾರಧಾರೆಯನ್ನೇ ನೋಡಿ. ಇದೇ ಬೆಟ್ಟಸಾಲಿನಿಂದ ಹೊರಟು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದೇನೋ ನಿಜ. ಆದರೆ ನಡುವೆ, ಸೋಮವಾರಪೇಟೆ ಬದಿಯ ಮಲ್ಲಳ್ಳಿಯಲ್ಲಿ, 60 ಮೀಟರಿನಷ್ಟು ಕೆಳಗೆ ಧುಮುಕುತ್ತದೆ. ನೀರು ಹಾರೀತು, ನೀವು ಹಾರುತ್ತೀರಾ?

ಹೆಸರಿಲ್ಲದ ಸಣ್ಣ ತೋಡುಗಳ ಕಥೆಯೂ ಅದೇ. ಆಳೆತ್ತರದ ಬಂಡೆಯಿಂದ ಜಾರಿ ಇಳಿಯಬಹುದು, ಪಾಚಿ ಹಿಡಿದ ಅದೇ ಬಂಡೆಯನ್ನು ಹತ್ತಿ ವಾಪಸ್ ಬರಲಾಗದು. ಅಂಥ ಎರಡು ಬಂಡೆ ಇಳಿದ ಮೇಲೆ ಮೂರನೆಯದು ಮೂವತ್ತಡಿ ಇದ್ದರೆ ನೀವು ಎರಡರ ನಡುವೆ ಸಿಕ್ಕಿಬಿದ್ದಿರಿ. ಪಕ್ಕಕ್ಕೆ ಸರಿಯೋಣವೆಂದರೆ ಬೆತ್ತದ ಮುಳ್ಳು, ವಾಟೆ ಬಿದಿರಿನ ಮೆಳೆ. ಕೊರಕಲಿನಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹುಡುಕಲು ಬಂದವರು ಮೇಲಿನಿಂದ ಕೂಗಿದರೆ ನೀರಿನ ಸದ್ದಿನಲ್ಲಿ ನಿಮಗೆ ಕೇಳದು, ನಿಮ್ಮ ಸೀಟಿ ಅವರಿಗೂ ಕೇಳದು. ಸಂಜೆಯಾದರೆ ಆನೆಗಳೂ ನೀರಿಗೇ ಬರುವುದು. ಇಬ್ಬರಿದ್ದರೆ ಕಾಲು ಉಳುಕಿದಾಗ ಒಬ್ಬರು ಮೇಲೆ ಹೋಗಿ ಸುದ್ದಿ ಮುಟ್ಟಿಸಬಹುದು, ಒಬ್ಬರೇ ಆದರೆ ಅದೂ ಇಲ್ಲ.

ದಾರಿ ತಪ್ಪಿತೆಂಬ ಅನುಮಾನ ಬಂದ ಕ್ಷಣ ನಿಲ್ಲಿ. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಆಮೇಲೆ ಬಂದ ಹೆಜ್ಜೆಯಲ್ಲೇ, ಖಚಿತವಾಗಿ ದಾರಿಯೆಂದು ಗೊತ್ತಿದ್ದ ಕೊನೆಯ ಜಾಗಕ್ಕೆ ಹಿಂದಿರುಗಿ. ಅದು ಏರು ದಾರಿಯಾದರೆ ಏರಲೇಬೇಕು, ಜನ ತಪ್ಪುವುದೇ ಈ ಸೋಮಾರಿತನಕ್ಕೆ. ಸಿಗದಿದ್ದರೆ ದಿಬ್ಬದ ಬಯಲು ಜಾಗದಲ್ಲಿ ನಿಂತು 112ಕ್ಕೆ ಕರೆ ಮಾಡಿ, ಮೂರು ಮೂರು ಸಲ ಸೀಟಿ ಊದಿ. ಕತ್ತಲಾದರೆ ಅಲ್ಲಿಂದ ಕದಲಬೇಡಿ. ಮೊಬೈಲನ್ನು ಬೆಳಗ್ಗಿನಿಂದಲೇ ಫ್ಲೈಟ್ ಮೋಡಿನಲ್ಲಿಡಿ. ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ಮನೆಯಲ್ಲೇ ನಕ್ಷೆ ಇಳಿಸಿಕೊಂಡಿದ್ದರೆ ಸಾಕು. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯುವುದು. ಹಾಂ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಗಾಬರಿಯಾಗಬೇಕು ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿಟ್ಟಿರಿ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಒಂದಿದೆ: ಒಳ್ಳೆ ಕಾಲುದಾರಿ ಇರುವಲ್ಲಿ ದಾರಿ ತಪ್ಪುವುದಾದರೂ ಹೇಗೆ? ಮಂಜಿನಿಂದ. ಬೆಳಗ್ಗೆ ಆಕಾಶ ಶುಭ್ರವಾಗಿತ್ತೆಂದು ನಂಬಬೇಡಿ. ಬಿಸಿಲೇರಿದಂತೆ ನಮ್ಮ ಕಡಲಿನ ಗಾಳಿ ಒಳನಾಡಿಗೆ ಬೀಸತೊಡಗುತ್ತದೆ. ಆ ತೇವದ ಗಾಳಿಗೆ ಘಟ್ಟ ಅಡ್ಡ ನಿಂತಾಗ ಅದು ಮೇಲೇರಿ, ತಣಿದು, ಮೋಡವಾಗುತ್ತದೆ. ಕೆಳಗಿನವರಿಗೆ ಅದು ಬೆಟ್ಟದ ತಲೆಯ ಮೇಲಿನ ಬಿಳಿ ಮೋಡ, ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದಲ್ಲಿ ನಿಂತವರಿಗೆ ಹತ್ತಡಿಯಾಚೆ ಕಾಣದ ಮಂಜು. ಹುಲ್ಲುಗಾವಲಿನಲ್ಲಿ ಕವಲೊಡೆದ ಸವಕಲು ದಾರಿಗಳೆಲ್ಲ ಆಗ ಒಂದೇ ಥರ ಕಾಣುತ್ತವೆ. ಅದಕ್ಕೇ ಹತ್ತುವಾಗ ಪ್ರತಿ ಕವಲಿನಲ್ಲೂ ಹಿಂದಕ್ಕೆ ತಿರುಗಿ ಒಂದು ಫೋಟೋ ತೆಗೆದುಕೊಳ್ಳಿ. ಇಳಿಯುವಾಗ ನಿಮಗೆ ಎದುರಾಗುವ ದಾರಿ ಅದೇ ತಾನೆ.