ನಾಲೆಯ ಕೊನೆಗೆ ನೀರು ಬಾರದಿದ್ದಾಗ

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ದಿನಗಳಾದರೂ ಮಂಡ್ಯದ ಕೊನೆ ಭಾಗದ ಗದ್ದೆಯೊಂದು ಒಣಗಿಯೇ ಇದೆ ಎನ್ನಿ. ‘ಮೇಲಿನ ಗದ್ದೆಯವನು ಬೇಕೂಂತಲೇ ಅಡ್ಡ ಕಟ್ಟಿದ್ದಾನೆ’ ಎಂದುಕೊಂಡ ರೈತನಿಗೆ ಮೈಯೆಲ್ಲ ಉರಿ. ‘ಕಾಲುವೆಯಲ್ಲಿ ಜೊಂಡು ಕಟ್ಟಿಕೊಂಡಿರಬೇಕು’ ಎಂದುಕೊಂಡವನು ಗುದ್ದಲಿ ಹುಡುಕುತ್ತಾನೆ. ಸಂಗತಿ ಒಂದೇ, ಅದಕ್ಕೆ ಹಚ್ಚಿದ ಅರ್ಥ ಬೇರೆ. ಹಾಗೆ ಹಚ್ಚಿದ ಅರ್ಥವನ್ನು ಮತ್ತೊಮ್ಮೆ ಪರಿಶೀಲಿಸುವುದನ್ನು ಮನೋವಿಜ್ಞಾನಿಗಳು ಮರುಅರ್ಥೈಸುವಿಕೆ ಎನ್ನುತ್ತಾರೆ.

ಸಿಟ್ಟನ್ನು ನುಂಗಿಕೊಳ್ಳುವುದೂ ಇದೂ ಒಂದೇ ಅಲ್ಲ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಕೈ ಕತ್ತರಿಸುವ ಶಸ್ತ್ರಚಿಕಿತ್ಸೆಯ ಚಿತ್ರ ತೋರಿಸಲಾಯಿತು. ಭಾವನೆ ಹೊರಗೆ ಕಾಣದಂತೆ ಅದುಮಿಟ್ಟವರ ಮುಖ ಶಾಂತವಾಗಿತ್ತು, ಒಳಗಿನ ಅಸಹ್ಯ ಮಾತ್ರ ಇಳಿಯಲಿಲ್ಲ; ದೇಹದ ಒತ್ತಡದ ಲಕ್ಷಣಗಳು ಇನ್ನೂ ಏರಿದವು. ಚಿತ್ರವನ್ನು ನಿರ್ಲಿಪ್ತವಾಗಿ, ವೈದ್ಯಕೀಯ ಕುತೂಹಲದಿಂದ ನೋಡಿದವರಿಗೆ ಅಸಹ್ಯವೇ ಕಡಿಮೆಯಾಯಿತು. ಹೀಗೆ ಅರ್ಥ ಬದಲಿಸುವಾಗ ಹಣೆಯ ಹಿಂದಿನ ಮಿದುಳಿನ ಭಾಗ ಚುರುಕಾಗುತ್ತದೆ, ಭಯ ಆತಂಕಗಳಿಗೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ ಎಂಬುದು ಮುಂದೆ ಮಿದುಳಿನ ಸ್ಕ್ಯಾನ್‌ಗಳಲ್ಲೂ ಕಂಡಿತು.

ಇದನ್ನು ಕಾಗದದ ಮೇಲೆ ಮಾಡುವುದು ಸುಲಭ. ಮೊದಲು ಕಣ್ಣಿಗೆ ಕಂಡಷ್ಟನ್ನೇ ಬರೆಯಿರಿ: ‘ಬೆಳಿಗ್ಗೆ ಆರಕ್ಕೆ ಕಾಲುವೆಯಲ್ಲಿ ನೀರಿರಲಿಲ್ಲ.’ ‘ಮೋಸ’, ‘ಯಾವಾಗಲೂ’, ‘ಬೇಕೂಂತಲೇ’ ಎಂಬಂಥ ಪದಗಳು ಈ ಸಾಲಿಗೆ ನುಸುಳಿದ್ದರೆ ಹೊಡೆದುಹಾಕಿ. ಅವು ಕಂಡದ್ದಲ್ಲ, ಊಹಿಸಿದ್ದು. ಅದರ ಕೆಳಗೆ ಮನಸ್ಸಿಗೆ ಮೊದಲು ಬಂದ ಅರ್ಥ ಬರೆಯಿರಿ. ಆಮೇಲೆ ನೀವು ನಿಜಕ್ಕೂ ನಂಬಬಹುದಾದ ಇನ್ನೆರಡು ಮೂರು ಕಾರಣಗಳು: ಹೂಳು ತುಂಬಿದೆ, ಸರದಿ ಬದಲಾಗಿದೆ, ಏರಿ ಒಡೆದಿದೆ. ಕೊನೆಗೆ, ಇವುಗಳಲ್ಲಿ ಯಾವುದನ್ನು ಇವತ್ತೇ ಖಾತ್ರಿ ಮಾಡಿಕೊಳ್ಳಬಹುದು? ಕಾಲುವೆ ನೀರು ಹಂಚುವ ನೀರುಗಂಟಿಯನ್ನು ಒಂದು ಮಾತು ಕೇಳಿದರೆ ಅರ್ಧ ಊಹೆ ಅಲ್ಲೇ ಕಳಚಿಬೀಳುತ್ತದೆ.

ಬಹುತೇಕರು ಎಡವುವುದು ಮೂರನೆಯ ಹಂತದಲ್ಲಿ. ‘ಆಗೋದೆಲ್ಲ ಒಳ್ಳೇದಕ್ಕೇ’ ಎಂದು ಬರೆದುಕೊಂಡರೆ ಮನಸ್ಸು ಒಪ್ಪುವುದಿಲ್ಲ. ಒಪ್ಪದ ಅರ್ಥದಿಂದ ಸಿಟ್ಟು ಇಳಿಯುವುದೂ ಇಲ್ಲ. ಹೊತ್ತೂ ಮುಖ್ಯ. ಕೋಪ ನೆತ್ತಿಗೇರಿದ ಮೇಲೆ ಹೊಸ ಅರ್ಥ ಹುಡುಕುವುದು ಕಷ್ಟ. ಆಗ ಜಾಗ ಬಿಟ್ಟು ನಡೆಯಿರಿ, ಉಸಿರನ್ನು ನಿಧಾನವಾಗಿ ಹೊರಬಿಡಿ, ಬರವಣಿಗೆ ಆಮೇಲೆ.

ಇನ್ನೊಂದು ಮಿತಿಯನ್ನು ಒತ್ತಿ ಹೇಳಲೇಬೇಕು. ಮಳೆ ಕೈಕೊಟ್ಟಂಥ, ನಮ್ಮ ಹಿಡಿತದಲ್ಲಿಲ್ಲದ ಕಷ್ಟಕ್ಕೆ ಈ ವಿದ್ಯೆ ಒಗ್ಗುತ್ತದೆ. ಸರಿಪಡಿಸಬಹುದಾದ ಅನ್ಯಾಯಕ್ಕೆ ಇದನ್ನೇ ಬಳಸಿದರೆ ನಷ್ಟ. 2013ರ ಒಂದು ಅಧ್ಯಯನದಲ್ಲಿ, ಒತ್ತಡ ತಮ್ಮ ಹಿಡಿತದಲ್ಲೇ ಇದ್ದವರ ಪೈಕಿ ಈ ಕೌಶಲ ಹೆಚ್ಚಿದ್ದವರಲ್ಲೇ ಖಿನ್ನತೆಯ ಲಕ್ಷಣಗಳೂ ಹೆಚ್ಚಾಗಿದ್ದವು. ಕಬ್ಬಿನ ಬಾಕಿ ಬರಬೇಕಿದ್ದರೆ ದೃಷ್ಟಿಕೋನ ಬದಲಿಸುತ್ತ ಕೂರಬೇಡಿ, ತೂಕದ ಚೀಟಿ ಹಿಡಿದು ಅರ್ಜಿ ಕೊಡಿ. ಕಷ್ಟದಲ್ಲಿರುವ ಬೇರೆಯವರಿಗೆ ‘ಬೇರೆ ಥರ ಯೋಚನೆ ಮಾಡು’ ಎಂದು ಉಪದೇಶಿಸುವುದೂ ಬೇಡ. ಮೊದಲು ಅವರ ಮಾತು ಕೇಳಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನಿಸಿದರೆ ಕಾಗದ ಪೆನ್ನು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ ಸೇವೆ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.