ಜಾಲಪುಟದ ಮೊದಲ ಸಾಲು ಮತ್ತು ಬ್ರೌಸರ್‌ನ ಎರಡು ಲೆಕ್ಕಾಚಾರಗಳು

ಇಂದಿನ ಯಾವುದೇ ಜಾಲಪುಟದ ಸೋರ್ಸ್ ಕೋಡ್ ತೆರೆದು ನೋಡಿದರೆ ಸಾಮಾನ್ಯವಾಗಿ ‘ಡಾಕ್‌ಟೈಪ್ ಎಚ್‌ಟಿಎಂಎಲ್’ ಎಂಬ ಪುಟ್ಟ ಘೋಷಣೆ ಎಲ್ಲಕ್ಕಿಂತ ಮೇಲೆ ಇರುತ್ತದೆ. ಅದು ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಟ್ಯಾಗ್ (ಪುಟದ ಭಾಗಗಳನ್ನು ಗುರುತಿಸುವ ಚಿಹ್ನೆ) ಅಲ್ಲ, ಪರದೆಯ ಮೇಲೆ ಏನನ್ನೂ ಮೂಡಿಸುವುದಿಲ್ಲ. ಆದರೂ ಅದನ್ನು ಅಳಿಸಿದರೆ, ಬೇರೆ ಒಂದಕ್ಷರವನ್ನೂ ಮುಟ್ಟದಿದ್ದರೂ, ಪುಟದ ಅಳತೆಗಳು ಮತ್ತು ಕೋಷ್ಟಕಗಳ ಅಕ್ಷರಗಾತ್ರ ಬದಲಾಗಬಹುದು.

ಈ ಘೋಷಣೆ ಹುಟ್ಟಿದ್ದು ವೆಬ್‌ಗಿಂತ ಮೊದಲು. ದಸ್ತಾವೇಜುಗಳ ರಚನೆಯನ್ನು ಗುರುತಿಸಲು 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್‌ನಲ್ಲಿ, ಪ್ರತಿಯೊಂದು ದಸ್ತಾವೇಜೂ ತಾನು ಯಾವ ವ್ಯಾಕರಣಕ್ಕೆ ಒಳಪಟ್ಟಿದೆ ಎಂದು ಆರಂಭದಲ್ಲೇ ಹೇಳಬೇಕಿತ್ತು. ಯಾವ ಟ್ಯಾಗ್ ಯಾವುದರೊಳಗೆ ಬರಬಹುದು ಎಂಬ ನಿಯಮಗಳ ಆ ಪಟ್ಟಿಗೆ ಡಿಟಿಡಿ ಎಂದು ಹೆಸರು. ಎಸ್‌ಜಿಎಂಎಲ್‌ನ ಚೌಕಟ್ಟಿನಲ್ಲೇ ರೂಪುಗೊಂಡ ಎಚ್‌ಟಿಎಂಎಲ್ ಈ ಪದ್ಧತಿಯನ್ನು ಮುಂದುವರಿಸಿತು. 1999ರ ಎಚ್‌ಟಿಎಂಎಲ್ 4.01ರಲ್ಲಿ ಸ್ಟ್ರಿಕ್ಟ್, ಟ್ರಾನ್ಸಿಷನಲ್, ಫ್ರೇಮ್‌ಸೆಟ್ ಎಂಬ ಮೂರು ಬಗೆಯ ಉದ್ದನೆಯ ಘೋಷಣೆಗಳಿದ್ದವು, ಅವುಗಳಲ್ಲಿ ಡಿಟಿಡಿ ಇರುವ ಜಾಲವಿಳಾಸವೂ ಸೇರಿರುತ್ತಿತ್ತು.

ಆದರೆ ಪ್ರಮುಖ ಬ್ರೌಸರ್‌ಗಳು ಆ ವ್ಯಾಕರಣವನ್ನು ತರಿಸಿಕೊಂಡು ಪುಟವನ್ನು ಪರೀಕ್ಷಿಸುತ್ತಿರಲಿಲ್ಲ. ತಪ್ಪುಗಳಿಂದ ತುಂಬಿದ ಪುಟವನ್ನೂ ಹೇಗಾದರೂ ತೋರಿಸುವುದೇ ಅವುಗಳ ಕೆಲಸವಾಗಿತ್ತು. ವಿಳಾಸವನ್ನು ಅಕ್ಷರಶಃ ಪಾಲಿಸಿದ್ದು ಬೇರೆ ಬಗೆಯ ತಂತ್ರಾಂಶಗಳು. ಒಮ್ಮೆ ಪಡೆದ ಕಡತವನ್ನು ಉಳಿಸಿಟ್ಟುಕೊಳ್ಳದೆ ಮತ್ತೆ ಮತ್ತೆ ಕೇಳುತ್ತಿದ್ದ ಅವುಗಳಿಂದಾಗಿ ಡಿಟಿಡಿ ಮತ್ತು ಅಂಥ ಕಡತಗಳಿಗಾಗಿ ತನಗೆ ದಿನಕ್ಕೆ 13 ಕೋಟಿಯವರೆಗೆ ಕೋರಿಕೆಗಳು ಬರುತ್ತಿವೆ ಎಂದು ವೆಬ್‌ನ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರಲ್ಲಿ ತಿಳಿಸಬೇಕಾಯಿತು.

ಹೀಗೆ ಬ್ರೌಸರ್‌ಗಳ ಮಟ್ಟಿಗೆ ನಿಷ್ಪ್ರಯೋಜಕವಾಗಿದ್ದ ಸಾಲಿಗೆ ಹೊಸ ಕೆಲಸ ಸಿಕ್ಕಿದ್ದು ಒಂದು ಬಿಕ್ಕಟ್ಟಿನಿಂದ. ಪುಟದ ಬಣ್ಣ, ಅಳತೆ, ವಿನ್ಯಾಸಗಳನ್ನು ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನ 1996ರ ಮೊದಲ ಮಾನಕದ ಪ್ರಕಾರ, ಒಂದು ಚೌಕದ ಅಗಲ ಎಂದರೆ ಅದರೊಳಗಿನ ವಿಷಯದ ಅಗಲ ಮಾತ್ರ. ಅಗಲ 300 ಪಿಕ್ಸೆಲ್, ಎರಡೂ ಬದಿಯಲ್ಲಿ ತಲಾ 20 ಪಿಕ್ಸೆಲ್ ಒಳಅಂತರ ಮತ್ತು ತಲಾ 5 ಪಿಕ್ಸೆಲ್ ಅಂಚು ಇದ್ದರೆ ಚೌಕ ಪರದೆಯ ಮೇಲೆ 350 ಪಿಕ್ಸೆಲ್ ಆಕ್ರಮಿಸಬೇಕು. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಅದೆಲ್ಲವನ್ನೂ 300ರೊಳಗೇ ಅಡಕಗೊಳಿಸಿ, ವಿಷಯಕ್ಕೆ 250 ಪಿಕ್ಸೆಲ್ ಉಳಿಸುತ್ತಿತ್ತು. ನನಗೆ ಈ ಎರಡನೆಯ ಲೆಕ್ಕವೇ ಹೆಚ್ಚು ಸಹಜವೆನಿಸುತ್ತದೆ. ಮುಂದೆ ಸಿಎಸ್‌ಎಸ್ ಅದನ್ನು ‘ಬಾರ್ಡರ್-ಬಾಕ್ಸ್’ ಎಂಬ ಆಯ್ಕೆಯಾಗಿ ಒಪ್ಪಿಕೊಂಡಿತು. ಆದರೆ ಆಗ ಅದು ಮಾನಕಕ್ಕೆ ವಿರುದ್ಧವಾಗಿತ್ತು, ಮತ್ತು ಆ ತಪ್ಪನ್ನೇ ನಂಬಿ ಬರೆದ ಪುಟಗಳು ಎಲ್ಲೆಡೆ ಹರಡಿದ್ದವು. ತಿದ್ದಿದರೆ ಅವೆಲ್ಲ ಕೆಡುತ್ತವೆ, ತಿದ್ದದಿದ್ದರೆ ಮಾನಕಕ್ಕೆ ಅರ್ಥವೇ ಇರುವುದಿಲ್ಲ.

2000ರಲ್ಲಿ ಮ್ಯಾಕಿಂಟಾಷ್‌ಗಾಗಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಅದರ ಅಭಿವೃದ್ಧಿಕಾರರಲ್ಲೊಬ್ಬರಾದ ಟಾಂಟೆಕ್ ಚೆಲಿಕ್ ಇದಕ್ಕೆ ಪರಿಹಾರವನ್ನು ಜಾರಿಗೊಳಿಸಿದರು. ಡಾಕ್‌ಟೈಪ್ ಬರೆಯುವ ಶ್ರಮ ತೆಗೆದುಕೊಂಡವರು ಮಾನಕವನ್ನು ತಿಳಿದವರಾಗಿರುತ್ತಾರೆ, ಅದಿಲ್ಲದ ಪುಟ ಹಳೆಯ ಕಾಲದ್ದಾಗಿರುತ್ತದೆ ಎಂಬ ಊಹೆಯೇ ಅದರ ಆಧಾರ. ಮೊದಲನೆಯದಕ್ಕೆ ಮಾನಕವನ್ನು ಪಾಲಿಸುವ ಸ್ಟ್ಯಾಂಡರ್ಡ್ಸ್ ಮೋಡ್, ಎರಡನೆಯದಕ್ಕೆ ಹಳೆಯ ವರ್ತನೆಗಳನ್ನು ಉಳಿಸಿಕೊಂಡ ಕ್ವರ್ಕ್ಸ್ ಮೋಡ್. ಲಕ್ಷಾಂತರ ಲೇಖಕರ ಬಳಿಗೆ ಹೋಗಿ ಪುಟ ತಿದ್ದಿರೆಂದು ಕೇಳದೆ, ಅವರು ಈಗಾಗಲೇ ಬರೆದಿದ್ದನ್ನೇ ಸಾಕ್ಷಿಯಾಗಿ ಬಳಸಿದ ಈ ಉಪಾಯ ವೆಬ್‌ನ ಇತಿಹಾಸದ ಅತ್ಯಂತ ಜಾಣ ನಿರ್ಧಾರಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಇತರ ಬ್ರೌಸರ್‌ಗಳೂ ಅದನ್ನು ಅಳವಡಿಸಿಕೊಂಡವು. ಕೋಷ್ಟಕದೊಳಗಿನ ಚಿತ್ರಗಳ ಸುತ್ತ ಬೇಡದ ಅಂತರ ಮೂಡದಂತೆ ನೋಡಿಕೊಳ್ಳುವ, ಇವೆರಡರ ನಡುವಿನ ಮೂರನೆಯ ಮೋಡ್ ಕೂಡ ನಂತರ ಸೇರಿತು.

ಎಚ್‌ಟಿಎಂಎಲ್ 5 ರೂಪಿಸಿದವರು ಎಸ್‌ಜಿಎಂಎಲ್‌ನ ಸಂಬಂಧವನ್ನು ಕಡಿದುಕೊಂಡು, ಮೋಡ್ ಬದಲಿಸಲು ಎಷ್ಟು ಸಾಕೋ ಅಷ್ಟನ್ನು ಮಾತ್ರ ಉಳಿಸಿದರು. ಹಾಗಾಗಿ ಇಂದಿನ ಘೋಷಣೆಯಲ್ಲಿ ಆವೃತ್ತಿಯ ಸಂಖ್ಯೆಯೂ ಇಲ್ಲ, ವಿಳಾಸವೂ ಇಲ್ಲ.

ಕ್ವರ್ಕ್ಸ್ ಮೋಡ್ ಇಂದಿಗೂ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿ ಜೀವಂತವಾಗಿದೆ. ಅಲ್ಲಿ ಏಕಮಾನ ಸೂಚಿಸದ ಅಳತೆಯನ್ನು ಪಿಕ್ಸೆಲ್ ಎಂದು ಒಪ್ಪಿಕೊಳ್ಳಲಾಗುತ್ತದೆ, ಶೈಲಿ ಅನ್ವಯಿಸಲು ಟ್ಯಾಗ್‌ಗಳಿಗೆ ಕೊಡುವ ಕ್ಲಾಸ್ ಹೆಸರುಗಳಲ್ಲಿ ದೊಡ್ಡಕ್ಷರ-ಸಣ್ಣಕ್ಷರಗಳ ಭೇದ ಮಾಯವಾಗುತ್ತದೆ. ಹೊಸ ಪುಟವೊಂದು ಗೊತ್ತಿಲ್ಲದೆ ಅದರೊಳಗೆ ಜಾರಲು ಒಂದು ಸಾಮಾನ್ಯ ಕಾರಣವಿದೆ: ಸರ್ವರ್‌ನ ಪ್ರೋಗ್ರಾಂ ಯಾವುದೋ ಎಚ್ಚರಿಕೆಯ ಸಂದೇಶವನ್ನು ಘೋಷಣೆಗಿಂತ ಮೊದಲೇ ಮುದ್ರಿಸಿಬಿಡುವುದು. ಖಾಲಿ ಜಾಗವಾಗಲಿ ಕಾಮೆಂಟ್ ಆಗಲಿ ಮೊದಲು ಬಂದರೆ ಇಂದಿನ ಬ್ರೌಸರ್‌ಗಳಿಗೆ ತೊಂದರೆಯಿಲ್ಲ, ಆದರೆ ಪಠ್ಯವೋ ಟ್ಯಾಗೋ ಬಂದೊಡನೆ ಮೋಡ್ ನಿರ್ಧಾರವಾಗಿ, ಆಮೇಲೆ ಸಿಗುವ ಡಾಕ್‌ಟೈಪ್ ಕಡೆಗಣಿಸಲ್ಪಡುತ್ತದೆ. ಸಂಶಯವಿದ್ದಲ್ಲಿ ಬ್ರೌಸರ್‌ನಲ್ಲಿ ಆದೇಶ ಬರೆಯುವ ಕಿಟಕಿಯಾದ ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್‌ನ ‘ಕಾಂಪ್ಯಾಟ್‌ಮೋಡ್’ ಗುಣವನ್ನು ಕೇಳಿ ನೋಡಬಹುದು. ‘ಬ್ಯಾಕ್‌ಕಾಂಪ್ಯಾಟ್’ ಎಂಬ ಉತ್ತರ ಬಂದರೆ ಪುಟ ಕ್ವರ್ಕ್ಸ್ ಮೋಡ್‌ನಲ್ಲಿದೆ.