ವೋಡ್ಕಾ ಇಲ್ಲದೆ ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಆಗುತ್ತದಾ?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಸೋದರಮಾವನ ತೋಟವಿದೆ. ಅಲ್ಲಿಂದ ಒಂದು ಹಿಡಿ ವೆನಿಲಾ ಕೋಡು ಬಂದಿದೆ. ಕೇಕಿಗೆ ಹಾಕಲು ಮನೆಯಲ್ಲೇ ಎಕ್ಸ್‌ಟ್ರ್ಯಾಕ್ಟ್ (ಕೋಡಿನ ಘಮ ಇಳಿಸಿದ ಸಾರ) ಮಾಡೋಣ ಅಂದರೆ ಎಲ್ಲರೂ ವೋಡ್ಕಾ ಹಾಕಿ ಅನ್ನುತ್ತಾರೆ. ನಮ್ಮ ಮನೆಯೊಳಗೆ ಮದ್ಯ ತರುವ ಹಾಗೇ ಇಲ್ಲ, ಅತ್ತೆ ಒಪ್ಪುವುದಿಲ್ಲ. ಸುಮ್ನೆ ನೀರಲ್ಲಿ ಕುದಿಸಿದರೆ ಸಾಲದಾ?

ಉತ್ತರ: ನೀರಲ್ಲಿ ಮಾತ್ರ ಕುದಿಸಬೇಡಿ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ಮೂರು ಕೋಡು ಸೀಳಿ, ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟೆ. ಮನೆಯೆಲ್ಲ ಘಮ್ಮೆಂದಿತು. ಆ ಘಮವೆಲ್ಲ ಪಾತ್ರೆ ಬಿಟ್ಟು ಹೋಗುತ್ತಿದೆ ಅಂತ ಆಗ ಹೊಳೆಯಲಿಲ್ಲ. ಉಳಿದ ಕಂದು ನೀರನ್ನು ಬಾಟಲಿಗೆ ಹಾಕಿಟ್ಟೆ. ಹತ್ತು ದಿನಕ್ಕೆ ಮೇಲೆ ಬಿಳಿ ಬೂಷ್ಟು ಬಂದಿತ್ತು. ಅಷ್ಟು ಬೆಲೆಯ ಕೋಡು ಚೆಲ್ಲುವಾಗ ಹೊಟ್ಟೆ ಉರಿಯಿತು.

ಆಲ್ಕೋಹಾಲ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಕೋಡಿನೊಳಗಿನ ಘಮವನ್ನು ಹೊರಗೆಳೆಯುವುದು. ವೆನಿಲಾದ ಪರಿಮಳ ಅಂದರೆ ಅದರ ಮುಖ್ಯ ಘಮದ ಅಂಶವಾದ ವೆನಿಲಿನ್ ಒಂದೇ ಅಲ್ಲ. ಅದರ ಜೊತೆ ಇನ್ನೂ ನೂರಾರು ಬಗೆಯ ಘಮದ ಅಂಶಗಳಿವೆ, ಎಣ್ಣೆಯಂಥದ್ದು, ಅಂಟಿನಂಥದ್ದು ಇದೆ. ಕೆಲವು ನೀರಿಗೆ ಬಿಡುತ್ತವೆ, ಕೆಲವು ಆಲ್ಕೋಹಾಲಿಗೆ ಮಾತ್ರ ಬಿಡುತ್ತವೆ. ವೋಡ್ಕಾದಲ್ಲಿ ಎರಡೂ ಇರುವುದರಿಂದ ಎಲ್ಲವೂ ಬರುತ್ತವೆ. ಇನ್ನೊಂದು ಕೆಲಸ, ಕೆಡದಂತೆ ಕಾಯುವುದು. ಅಮೆರಿಕದ ಆಹಾರ ಕಾನೂನಿನಲ್ಲಿ ಕನಿಷ್ಠ 35% ಆಲ್ಕೋಹಾಲ್ ಇದ್ದರೆ ಮಾತ್ರ ಅದನ್ನು ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಅನ್ನಬಹುದು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆಲ್ಕೋಹಾಲ್ ಇಲ್ಲದೆ ಎಕ್ಸ್‌ಟ್ರ್ಯಾಕ್ಟ್ ಆಗುವುದಿಲ್ಲ. ಆದರೆ ನಿಮ್ಮ ಕೋಡಿನ ಘಮ ಕೇಕಿಗೆ, ಪಾಯಸಕ್ಕೆ ಬರಲು ಎಕ್ಸ್‌ಟ್ರ್ಯಾಕ್ಟೇ ಆಗಬೇಕೆಂದಿಲ್ಲ. ಅದಕ್ಕೆ ಬರುತ್ತೇನೆ.

ಅದಕ್ಕಿಂತ ಮೊದಲು ಒಂದು ವಿಷಯ. ಬಂದಿರುವ ಕೋಡು ಯಾವ ಬಣ್ಣದ್ದು ಅಂತ ನೀವು ಬರೆದಿಲ್ಲ. ಹುರುಳಿಕಾಯಿಯ ಹಾಗೆ ಹಸಿರಾಗಿದೆಯಾ, ಇಲ್ಲ ಒಣದ್ರಾಕ್ಷಿಯ ಹಾಗೆ ಕಪ್ಪು ಕಂದಾಗಿ, ಬೆರಳಿಗೆ ಸುತ್ತಿದರೆ ಬಾಗುವಂತಿದೆಯಾ? ಹಸಿರಿದ್ದರೆ ಅದನ್ನು ಯಾವುದರಲ್ಲಿ ನೆನೆಹಾಕಿದರೂ ವ್ಯರ್ಥ. ಹಸಿ ಕೋಡಿಗೆ ವೆನಿಲಾದ ವಾಸನೆಯೇ ಇರುವುದಿಲ್ಲ. ಬೆಳ್ಳುಳ್ಳಿ ಜಜ್ಜುವ ತನಕ ಘಾಟು ಹೊಡೆಯುವುದಿಲ್ಲ ಅಲ್ವಾ, ಹಾಗೆಯೇ ಇದು. ಹಸಿ ಕೋಡಿನಲ್ಲಿ ವೆನಿಲಿನ್ ಒಂದು ಬಗೆಯ ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ. ಬಿಸಿ ತಾಗಿಸಿ, ಬೆವರಿಸಿ, ನಿಧಾನವಾಗಿ ಒಣಗಿಸಿದಾಗ ಕೋಡಿನದೇ ಕಿಣ್ವ ಆ ಎರಡನ್ನೂ ಬಿಡಿಸುತ್ತದೆ. ಘಮ ಹುಟ್ಟುವುದು ಆಗಲೇ.

ಈ ಕ್ಯೂರಿಂಗ್ ಕೆಲಸವನ್ನು ನಮ್ಮ ಮಲೆನಾಡಿನವರು ಕಲಿತದ್ದು ಸುಮಾರು ಇಪ್ಪತ್ತು ವರ್ಷದ ಹಿಂದಿನ ವೆನಿಲಾ ಕಾಲದಲ್ಲಿ. 2000ರಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾಯಿತು. ಜಗತ್ತಿನ ಹೆಚ್ಚಿನ ವೆನಿಲಾ ಬರುವುದೇ ಅಲ್ಲಿಂದ. ಬೆಲೆ ಏರುತ್ತಾ ಹೋಗಿ 2003ರ ಹೊತ್ತಿಗೆ ಆಕಾಶ ಮುಟ್ಟಿತು. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಕಡೆ ಅಡಿಕೆ ತೋಟದಲ್ಲೆಲ್ಲ ಬಳ್ಳಿ ಹಬ್ಬಿತು. ಕಳ್ಳರ ಭಯಕ್ಕೆ ರಾತ್ರಿಯಿಡೀ ತೋಟ ಕಾದವರಿದ್ದಾರೆ. ಒಂದೆರಡು ವರ್ಷದಲ್ಲಿ ಬೆಲೆ ಬಿದ್ದು, ಕೇಳುವವರೇ ಇಲ್ಲದಂತಾಯಿತು. ಬಹಳ ಜನ ಬಳ್ಳಿ ಕಿತ್ತರು. ಉಳಿಸಿಕೊಂಡವರ ಮೇಲೆ ನನಗೆ ತುಂಬಾ ಗೌರವ. ಹೂವು ಅರಳುವುದು ಒಂದೇ ದಿನ. ಆ ಬೆಳಗ್ಗೆಯೇ ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಇವತ್ತಿಗೂ ಬೆಳೆಗಾರರು ಮಾಡುವುದು ಅದನ್ನೇ.

ಕಾಯಿ ಬಲಿಯಲು ಎಂಟೊಂಬತ್ತು ತಿಂಗಳು. ಕೊಯ್ದ ಮೇಲೆ 63ರಿಂದ 65 ಡಿಗ್ರಿ ಬಿಸಿ ನೀರಲ್ಲಿ ಸುಮಾರು ಮೂರು ನಿಮಿಷ ಅದ್ದಿ, ತಕ್ಷಣ ಕಂಬಳಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡುತ್ತಾರೆ. ಮಾರನೇ ದಿನ ತೆಗೆದರೆ ಬಣ್ಣ ಕಂದು. ಆಮೇಲೆ ದಿನಾ ಕೆಲವು ಗಂಟೆ ಬಿಸಿಲು, ಬಿಸಿ ಇರುವಾಗಲೇ ಮತ್ತೆ ಕಂಬಳಿ. ನಂತರ ವಾರಗಟ್ಟಲೆ ನೆರಳು, ಕೊನೆಗೆ ಒಂದೆರಡು ತಿಂಗಳು ಮುಚ್ಚಿದ ಪೆಟ್ಟಿಗೆ. ಐದಾರು ಕಿಲೋ ಹಸಿ ಕೋಡು ಒಂದು ಕಿಲೋಗೆ ಇಳಿಯುತ್ತದೆ. ನಿಮ್ಮದು ಹಸಿರಿದ್ದರೆ ಮಾವನಿಗೇ ಫೋನ್ ಮಾಡಿ. ಆ ಕಡೆ ಈ ಕೆಲಸ ಗೊತ್ತಿರುವವರು ಒಬ್ಬರಾದರೂ ಸಿಗುತ್ತಾರೆ.

ಕೋಡು ಕಂದಾಗಿದ್ದರೆ ಮುಂದಿನದು ಸುಲಭ. ಮದ್ಯದ ಅಡ್ಡಿ ಇಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಹೇಳುತ್ತೇನೆ. 100 ಮಿಲಿ ವೋಡ್ಕಾಗೆ 10 ಗ್ರಾಂ ಕೋಡು, ಅಂದರೆ ಮೂರ್ನಾಲ್ಕು. 180 ಮಿಲಿಯ ಕ್ವಾರ್ಟರ್ ಬಾಟಲಿಗೆ ಆರೇಳು ಬೇಕು. ನೋಡಲು ಚೆಂದದ, ದಪ್ಪನೆಯ ಕೋಡಿಗೆ ಜಾಸ್ತಿ ದುಡ್ಡು ಕೊಡಬೇಡಿ. ಸ್ವಲ್ಪ ಒಣಗಿದ, ತುದಿ ಸೀಳಿದ ಅಗ್ಗದ ಕೋಡೇ ಇದಕ್ಕೆ ಸಾಕು. ಉದ್ದಕ್ಕೆ ಸೀಳಿ, ಗಾಜಿನ ಬಾಟಲಿಯಲ್ಲಿ ಪೂರ್ತಿ ಮುಳುಗುವಂತೆ ಹಾಕಿ. ತಲೆ ಹೊರಗೆ ಉಳಿದರೆ ಆ ಭಾಗ ಕೆಡುತ್ತದೆ. ಬಿಸಿಲು ಬೀಳದ ಕಪಾಟಿನಲ್ಲಿ ಇಡಿ, ಫ್ರಿಜ್ ಬೇಡ. ವಾರಕ್ಕೊಮ್ಮೆ ಕುಲುಕಿ. ಕೆಲವೇ ದಿನಕ್ಕೆ ತಿಳಿ ಚಹಾದ ಬಣ್ಣ ಬರುತ್ತದೆ, ಆದರೆ ಮೂಸಿದರೆ ಬರೀ ವೋಡ್ಕಾ. ಬೇಸರಪಟ್ಟು ಮುಚ್ಚಳ ತೆಗೆಯುತ್ತಾ ಇರಬೇಡಿ. ಎರಡು ತಿಂಗಳಿಗೆ ಬಳಸಬಹುದು, ಆರು ತಿಂಗಳಾದರೆ ರುಚಿಯೇ ಬೇರೆ. ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ಇಂಥದ್ದನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅವು ವಿಷ.

"ಬೇಯಿಸಿದರೆ ಆಲ್ಕೋಹಾಲ್ ಎಲ್ಲಾ ಹಾರಿಹೋಗುತ್ತದೆ" ಅಂತ ಅತ್ತೆಯನ್ನು ಒಪ್ಪಿಸಲು ಹೋಗಬೇಡಿ. ಅದು ನಿಜವಲ್ಲ. ಅರ್ಧ ಗಂಟೆ ಬೇಯಿಸಿದರೂ ಸುಮಾರು ಮೂರರಲ್ಲಿ ಒಂದು ಭಾಗ ಉಳಿಯುತ್ತದೆ. ಒಂದು ಟೀಚಮಚ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಇರುವುದೇ ಎರಡು ಮಿಲಿ ಆಲ್ಕೋಹಾಲ್, ಅದೂ ಇಡೀ ಕೇಕಿಗೆ ಹಂಚಿಹೋಗುತ್ತದೆ. ಅದರಿಂದ ಯಾರಿಗೂ ಅಮಲು ಬರುವುದಿಲ್ಲ. ಆದರೆ ಬೇಡ ಅನ್ನುವವರಿಗೆ ಬೇಡ, ಅಷ್ಟೇ. ಗೊತ್ತಿಲ್ಲದಂತೆ ತಿನ್ನಿಸುವುದು ತಪ್ಪು.

ನಿಮ್ಮ ಮನೆಗೆ ಎರಡು ದಾರಿ ಇದೆ. ಒಂದು ಗ್ಲಿಸರಿನ್. ಚರ್ಮಕ್ಕೆ ಹಚ್ಚುವುದಲ್ಲ, ಆಹಾರಕ್ಕೆ ಬಳಸುವುದು ಅಂತ ಲೇಬಲ್ ಮೇಲೆ ಬರೆದಿರಬೇಕು. ಮೂರು ಪಾಲು ಗ್ಲಿಸರಿನ್, ಒಂದು ಪಾಲು ಕುದಿಸಿ ಆರಿಸಿದ ನೀರು, ಕೋಡಿನ ಅಳತೆ ಮೇಲಿನದೇ. ಸಿಹಿಯಾಗಿ, ಮಂದವಾಗಿ ಇರುತ್ತದೆ. ಘಮ ಬಿಡುವುದು ನಿಧಾನ, ವೋಡ್ಕಾದಷ್ಟು ಗಾಢವೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಷ್ಟು ಹಿಡಿಸಲಿಲ್ಲ.

ಎರಡನೆಯದು ಸಕ್ಕರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ಅರ್ಧ ಕಿಲೋ ಸಕ್ಕರೆಗೆ ಎರಡು ಕೋಡು. ಸೀಳಿ, ಚಾಕುವಿನ ಬೆನ್ನಿನಿಂದ ಒಳಗಿನ ಕಪ್ಪು ಬೀಜ ಕೆರೆಯಿರಿ. ಸಾಸಿವೆಗಿಂತ ಎಷ್ಟೋ ಸಣ್ಣ, ಒದ್ದೆ ಕಾಫಿ ಪುಡಿಯ ಹಾಗೆ ಅಂಟಿಕೊಳ್ಳುತ್ತದೆ. ಅದನ್ನು ಒಂದು ಹಿಡಿ ಸಕ್ಕರೆಯ ಜೊತೆ ಬೆರಳಲ್ಲಿ ಚೆನ್ನಾಗಿ ಉಜ್ಜಿ, ಉಳಿದ ಸಕ್ಕರೆಗೆ ಬೆರೆಸಿ, ಸಿಪ್ಪೆಯನ್ನೂ ಹೂತು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಎರಡು ಮೂರು ವಾರಕ್ಕೆ ಮುಚ್ಚಳ ತೆಗೆದರೆ ನಿಮಗೇ ಗೊತ್ತಾಗುತ್ತದೆ. ಕೇಕಿಗೆ ಮಾಮೂಲಿ ಸಕ್ಕರೆಯ ಬದಲು ಇದನ್ನೇ ಹಾಕಿ.

ಶಾವಿಗೆ ಪಾಯಸಕ್ಕೋ ಕಸ್ಟರ್ಡಿಗೋ ಆದರೆ ಇಡೀ ಕೋಡನ್ನೇ ಸೀಳಿ ಬಿಸಿ ಹಾಲಿಗೆ ಹಾಕಿ, ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಕುದಿಸುತ್ತಾ ಇರಬೇಡಿ. ಅವತ್ತು ಏಲಕ್ಕಿ ಹಾಕಬೇಡಿ, ಅದು ವೆನಿಲಾವನ್ನು ನುಂಗಿಬಿಡುತ್ತದೆ. ಹಾಲಿನಿಂದ ತೆಗೆದ ಕೋಡನ್ನು ತೊಳೆದು, ಪೂರ್ತಿ ಒಣಗಿಸಿ ಮತ್ತೆ ಸಕ್ಕರೆ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಸಕ್ಕರೆ ಗಂಟು ಕಟ್ಟಿದರೆ, ಗರಿಗರಿಯಾಗಿ ಒಣಗಿದ ಕೋಡಿನ ಸಮೇತ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಜರಡಿ ಹಿಡಿಯಿರಿ.